ಓರಗಿತ್ತಿಯ ಫ್ಲ್ಯಾಶ್

ಮಾರ್ಚ್ 3, ಸೋಮವಾರ
ಲೆನ್ಸ್ ಒರೆಸಿಟ್ಟೆ. ಬ್ಯಾಟರಿ ಚಾರ್ಜಿಗೆ ಹಾಕಿದೆ. ಭಾನುವಾರ ಅತ್ತೆಯ ಎಂಬತ್ತನೇ ಹುಟ್ಟುಹಬ್ಬ. ಈ ಮನೆಯ ಫೋಟೋಗಳೆಲ್ಲ ಇದುವರೆಗೆ ನನ್ನವೇ. ಊಟದ ಹೊತ್ತಿಗೆ ಅತ್ತೆ — "ಈ ಸಲ ಚಿಕ್ಕವಳು ತೆಗೀಲಿ ಬಿಡಮ್ಮ. ನೀನು ತೆಗೆದ್ರೆ ಎಲ್ರೂ ಪಾಸ್‌ಪೋರ್ಟಿಗೆ ನಿಂತ ಹಾಗೆ ಕಾಣ್ತೀವಿ." ಎಲ್ಲರೂ ನಕ್ಕರು. ನಾನೂ.
ಚಿಕ್ಕವಳು, ಮೈದುನನ ಹೆಂಡತಿ, ಕ್ಯಾಮೆರಾ ಹಿಡಿದು ಆರು ತಿಂಗಳಾಗಿಲ್ಲ.

ಮಾರ್ಚ್ 4
ಹಾಲ್‌ನಲ್ಲಿ ಬೆಳಕು ಸಾಲದು, ಫ್ಲ್ಯಾಶ್ ಬೇಕಂತೆ. ಅದನ್ನು ಆರಿಸಲು ಮಾತ್ರ ನಾನು ಬೇಕು! ಫೋನಿನಲ್ಲಿ ಒಂದನ್ನು ತೋರಿಸಿದಳು. "ಅಕ್ಕಾ, ನಿಮ್ಮ ಹತ್ರ ಇರೋದೇ ಇದು. ನನ್ನ ಕ್ಯಾಮೆರಾಗೆ ಕೂರುತ್ತಾ?"
"ಕೂರುತ್ತೆ."
ಸುಳ್ಳಲ್ಲ. ಕೂರುತ್ತದೆ. ಆದರೆ ಅವಳ ಕ್ಯಾಮೆರಾ ಬೇರೆ ಕಂಪನಿಯದು. ಅಡಿಯ ಪಿನ್ನುಗಳು ತಾಳೆಯಾಗುವುದಿಲ್ಲ — ಎಷ್ಟು ಬೆಳಕು ಬೇಕೆಂಬುದು ಫ್ಲ್ಯಾಶಿಗೆ ತಿಳಿಯುವುದಿಲ್ಲ. ಒತ್ತಿದಾಗಲೆಲ್ಲ ಪೂರ್ತಿ ಸುರಿಯುತ್ತದೆ. ಮುಖಗಳೆಲ್ಲ ಸುಣ್ಣ ಬಳಿದ ಗೋಡೆ.
ಅವಳು ಕೇಳಿದ್ದು ಕೂರುತ್ತಾ ಅಂತ ತಾನೆ?... ಯಾರ ಹತ್ತಿರ ವಾದಿಸುತ್ತಿದ್ದೇನೆ?

ಮಾರ್ಚ್ 8
ಪಾರ್ಸೆಲ್ ಬಂತು. "ಅಕ್ಕ ಆರಿಸಿದ್ದು," ಎಂದು ಮೈದುನನಿಗೆ ತೋರಿಸಿದಳು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ನಮ್ಮ ಯಜಮಾನರು, "ಇವಳ ಕೈಚಳಕ ನೋಡಿ ಕಲಿ ನೀನು." ನನಗೆ!
ಹಾಕಿ ನೋಡಲು ಸೆಲ್ ಇಲ್ಲ, ನಾಳೆ ತರುತ್ತಾಳಂತೆ. ನನ್ನ ಡ್ರಾಯರಿನಲ್ಲಿ ಒಂದು ಪ್ಯಾಕೆಟ್ ಇದೆ. ಕೊಡಲಿಲ್ಲ.

ಮಾರ್ಚ್ 10
ನಿನ್ನೆ ಮೊದಲ ಫೋಟೋದಲ್ಲೇ ಅತ್ತೆಯ ಮುಖ ಮಾಯ. ಎರಡನೆಯದರಲ್ಲೂ. ಹೊಟ್ಟೆ ತಣ್ಣಗಾಯಿತು.
"ಅಕ್ಕಾ, ಏನಾಯ್ತು ಇದಕ್ಕೆ?"
"ಗೊತ್ತಿಲ್ಲ." — ಇದು ಸುಳ್ಳು.
ಅವಳು ಫ್ಲ್ಯಾಶ್ ಬಿಚ್ಚಿ ಸೋಫಾದ ಮೇಲೆ ಹಾಕಿದಳು. ಕುರ್ಚಿ ಸಮೇತ ಅತ್ತೆಯನ್ನು ಹಿಂಬಾಗಿಲ ಬೆಳಕಿಗೆ ಎಳೆದಳು. "ಅತ್ತೇ, ಹಲ್ಲಿನ ಸೆಟ್ ಭದ್ರ ಇದೆ ತಾನೆ? ಕ್ಯಾಮೆರಾ ಮೇಲೆ ಬಿದ್ರೆ ನೀವೇ ರಿಪೇರಿ ಮಾಡಿಸ್ಬೇಕು!" ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕ್ಲಿಕ್.
ನನ್ನ ಕ್ಯಾಮೆರಾದ ಮುಂದೆ ಅವರು ಒಮ್ಮೆಯೂ ಹಾಗೆ ನಕ್ಕಿಲ್ಲ.

ಮಾರ್ಚ್ 12
ಫೋಟೋಗಳು ಫ್ಯಾಮಿಲಿ ಗ್ರೂಪಿಗೆ ಬಂದವು. ಹಾಳಾದ ಎರಡನ್ನೂ ತಮಾಷೆಗೆ ಹಾಕಿದ್ದಾಳೆ. ಎರಡನೆಯದರಲ್ಲಿ ಮುಂದಿದ್ದವರ ಮುಖವೆಲ್ಲ ಬಿಳಿ. ಹಿಂದೆ, ದೂರದ ಮೂಲೆಯಲ್ಲಿ ನಿಂತವಳು ಒಬ್ಬಳೇ ಸ್ಪಷ್ಟ. ಕಣ್ಣು ಚಿಕ್ಕವಳ ಕ್ಯಾಮೆರಾದ ಮೇಲೆ. ನಗುತ್ತಿದ್ದೇನೆ.
ಕೆಳಗೆ ಅವಳೇ ಬರೆದಿದ್ದಾಳೆ: "ನಮ್ಮ ಅಕ್ಕ ಎಷ್ಟು ಖುಷಿಯಾಗಿದ್ದಾರೆ ನೋಡಿ!"
ಬಾಗಿಲು ತಟ್ಟುತ್ತಿದ್ದಾಳೆ. "ಅಕ್ಕಾ, ಈ ಫ್ಲ್ಯಾಶ್ ವಾಪಸ್ ಕಳಿಸ್ಲಾ? ಏನು ಕೆಟ್ಟಿದೆ ಅಂತ ಬರೀಲಿ?"
ಏನು ಕೆಟ್ಟಿದೆ ಅಂತ —