ಬುಟ್ಟಿಯ ಮೇಲಿನ ಬಂಗುಡೆ

ಮರವಂತೆ, ಭಾನುವಾರ

ಭಾಸ್ಕರ ಸರ್‌ಗೆ ದೀಕ್ಷಿತಾಳ ನಮಸ್ಕಾರ.

ಫೋನ್ ಮಾಡಲು ಮುಖವಿಲ್ಲದೆ ಬರೆಯುತ್ತಿದ್ದೇನೆ. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಸಂದರ್ಶನ ಮುಗಿಯಿತು. ನಮ್ಮ ಕಾಲೇಜಿನ ಹೆಸರು ಕೇಳಿ ಒಬ್ಬರು, ಅದೆಲ್ಲಿದೆ ಎಂದರು. ಆಮೇಲೆ ಸ್ಯಾಂಪಲ್ ಆರಿಸುವಾಗ ಆಗುವ ತಪ್ಪಿನ ಬಗ್ಗೆ ಕೇಳಿದರು. ನೀವು ಕಲಿಸಿದ್ದನ್ನೇ ಹೇಳಿದೆ: ಮೀನು ಮಾರುವವರು ದೊಡ್ಡ ಬಂಗುಡೆಯನ್ನು ಮೇಲೆಯೇ ಇಡುತ್ತಾರೆ, ಅದನ್ನಷ್ಟೇ ನೋಡಿ ಇಡೀ ಬುಟ್ಟಿಯನ್ನು ಅಂದಾಜು ಮಾಡಬಾರದು. ಅವರಿಗೆ ಬಹಳ ಇಷ್ಟವಾಯಿತು. ಯಾರು ಕಲಿಸಿದ್ದು ಎಂದರು. ಯಾರೂ ಇಲ್ಲ, ಯೂಟ್ಯೂಬ್ ನೋಡಿ ನಾನೇ ಕಲಿತೆ ಎಂದುಬಿಟ್ಟೆ.

ಸಂಖ್ಯಾಶಾಸ್ತ್ರಕ್ಕೆ ವಿದ್ಯಾರ್ಥಿನಿ ನಾನೊಬ್ಬಳೇ ಇದ್ದರೂ ನೀವು ಆ ತರಗತಿ ನಿಲ್ಲಿಸಿರಲಿಲ್ಲ.

ಈಗ ಅವರು ಕಾಲೇಜಿನಲ್ಲಿ ಈ ವಿಷಯದ ಅಧ್ಯಾಪಕರ, ಅಂದರೆ ನಿಮ್ಮ, ಶಿಫಾರಸು ಪತ್ರ ಕೇಳಿದ್ದಾರೆ. ನೀವು ಕಲಿಸಿದ್ದನ್ನು ಬಿಟ್ಟು ನನ್ನ ಹಾಜರಿ, ನಡತೆ ಮಾತ್ರ ಬರೆಯಿರಿ ಎಂದು ಕೇಳಲು ಕೂತಿದ್ದೆ. ಅಷ್ಟರಲ್ಲಿ ಅಮ್ಮ, "ಸಂದರ್ಶನದ್ ವಿಷ್ಯ ಸರ್‌ಗೆ ಹೇಳಿದ್ಯಾ ಹೆಣೆ? ನಾಳೆ ಅವ್ರ್ ಮನಿಗೆ ಮೀನ್ ಕೊಟ್ ಬತ್ತೆ" ಎಂದಳು.

ನೀವೇ ಕಲಿಸಿದ್ದು ಎಂದು, ನಡೆದದ್ದನ್ನೇ ಬರೆಯಿರಿ ಸರ್. ಸೀಟು ಹೋದರೆ ಹೋಗಲಿ. ಈ ಪತ್ರವನ್ನು ಅಮ್ಮನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವಳೆದುರು ಓದಬೇಡಿ. ಮೀನು ಬೇಡ ಎನ್ನಬೇಡಿ, ನಿಮಗೆಂದು ಅವಳು ದೊಡ್ಡದನ್ನೇ ಆರಿಸಿಟ್ಟಿದ್ದಾಳೆ.

ನೀವು ಕಲಿಸಿದ
ದೀಕ್ಷಿತಾ