ಗುರುವಾರದ ನೇರ ವಿಮಾನ

ಮಾರ್ಚ್ 14, ಭಾನುವಾರ

ಪ್ರೀತಿಯ ಪುಟ್ಟಿ,

ನಿನ್ನ ಮೂರು ಕಾಗದಗಳಿಗೂ ಸೇರಿ ಈ ಒಂದೇ ಉತ್ತರ. ಬೈದುಕೋ, ಆದರೆ ಪೂರ್ತಿ ಓದು. ಬರೆಯೋಣವೆಂದು ಕೂತಾಗಲೆಲ್ಲ ಏನಾದರೊಂದು ನೆಪ ಸಿಗುತ್ತಿತ್ತು. ನೆಪ ಹುಡುಕುವುದರಲ್ಲಿ ನಿನ್ನಕ್ಕ ಯಾರಿಗೂ ಕಮ್ಮಿಯಿಲ್ಲ. ನಾನು ಚೆನ್ನಾಗಿದ್ದೇನೆ. ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ.

ಟಿಕೆಟ್ ಆಫೀಸಿನಲ್ಲಿ ನನ್ನನ್ನು ಬಾಗಿಲ ಪಕ್ಕದ ಕೌಂಟರಿಗೆ ಹಾಕಿದ್ದಾರೆ. ಮೊನ್ನೆ ಅಜ್ಜ ಒಬ್ಬರು ಬಂದು, ನೀನಿರುವ ಊರಿಗೇ, ಎಷ್ಟು ದೂರ ಎಂದು ಕೇಳಿದರು. ನಾಲ್ಕು ಸಾವಿರದ ನೂರು ಕಿಲೋಮೀಟರ್ ಎಂದೆ. "ಅದು ಹಕ್ಕಿಗೆ ಕಣಮ್ಮ. ನಂಗೆಷ್ಟು ಹೊತ್ತಾಗುತ್ತೆ, ಅದು ಹೇಳು" ಎಂದರು. ಇಪ್ಪತ್ತಾರು ವರ್ಷದ ಪಾಠ ಒಪ್ಪಿಸಿದೆ: ಸೋಮವಾರ, ಗುರುವಾರ ನೇರ ವಿಮಾನ, ಐದು ಗಂಟೆ ನಲವತ್ತು ನಿಮಿಷ, ಉಳಿದ ದಿನ ನಡುವೆ ಇಳಿದು, ಕಾದು, ಮತ್ತೆ ಹತ್ತಿ, ಹದಿನೇಳು ಗಂಟೆ. ಹೇಳುತ್ತಾ ಹೇಳುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡೆ. ಅಜ್ಜ ತಮ್ಮ ನೀರಿನ ಬಾಟಲಿಯನ್ನೇ ನನ್ನ ಮುಂದಿಟ್ಟರು.

ನಿನ್ನ ಗಂಡ ಫೋನ್ ಮಾಡಿದ್ದರು. "ಅಕ್ಕ, ಸ್ಕೂಲಿಗೆ ಪಾಠ ಮಾಡೋಕೆ ಹೋಗೋದೇ ಬಿಟ್ಟಿದಾಳೆ. ತಟ್ಟೆ ಮುಂದೆ ಕೂತ್ರೆ ಅಳು. ಅಮ್ಮನ ಕೊನೇ ಹೊತ್ತಿಗೆ ನಾನು ಬರ್ಲಿಲ್ಲ ಅಂತ ಒಂದೇ ಮಾತು. ನೀವಾದ್ರೂ ಹೇಳಿ" ಎಂದರು. ನಿನ್ನ ಕಾಗದಗಳಲ್ಲೂ ಅದೇ. ಅಮ್ಮ ಬುಧವಾರ ಸಂಜೆ ಹೋದಳು, ನೀನು ಗುರುವಾರ ಬಂದೆ. ನಿನಗೆ ಕ್ಷಮೆಯಿಲ್ಲವೆಂದು ನೀನೇ ತೀರ್ಪು ಕೊಟ್ಟುಕೊಂಡಿದ್ದೀಯ. ಆದರೆ ಮಂಗಳವಾರ ಬೆಳಿಗ್ಗೆಯೇ ನೀನು "ಈಗ್ಲೇ ಹೊರಡ್ಲಾ ಅಕ್ಕ?" ಎಂದು ಕೇಳಿದ್ದೆಯಲ್ಲ. "ಇವತ್ತಿನದ್ರಲ್ಲಿ ಸೀಟಿಲ್ಲ ಕಣೇ, ಗುರುವಾರ ನೇರವಾಗಿ ಬಾ" ಎಂದವಳು ನಾನು. ಅಕ್ಕನ ಮಾತು ಕೇಳಿದ್ದು ತಪ್ಪೇ? ನಾಳೆಯೇ ಸ್ಕೂಲಿಗೆ ಹೋಗು. ಆ ಮಕ್ಕಳ ಗಲಾಟೆಯಲ್ಲಿ ಅಳುವುದಕ್ಕೂ ಪುರುಸೊತ್ತಿರುವುದಿಲ್ಲ.

ಅಮ್ಮನ ಮಂಚ ಇನ್ನೂ ಅಲ್ಲೇ ಇದೆ. ಸರಿಸಲು ಮನಸ್ಸು ಬಂದಿಲ್ಲ.

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು. ನಿನ್ನ ಮನೆಯಲ್ಲಿ ನಗು ಇರಲಿ, ಅದಕ್ಕಿಂತ ಬೇರೆ ಆಶೀರ್ವಾದ ನನಗೆ ಗೊತ್ತಿಲ್ಲ.

ನಿನ್ನ
ಅಕ್ಕ

ತಾ.ಕ.: ಸೀಟಿತ್ತು ಪುಟ್ಟಿ. ಮಂಗಳವಾರ ಸಂಜೆಯ ವಿಮಾನದಲ್ಲಿ ನಿನ್ನ ಹೆಸರಿಗೆ ಒಂದು ಸೀಟನ್ನು ಆಫೀಸಿನವರಿಗೆ ಹೇಳಿ ನಾನೇ ಹಿಡಿಸಿಟ್ಟಿದ್ದೆ. ಅದನ್ನು ಹತ್ತಿದ್ದರೆ ಬುಧವಾರ ಮಧ್ಯಾಹ್ನದೊಳಗೆ ನೀನು ಅಮ್ಮನ ಪಕ್ಕದಲ್ಲಿರುತ್ತಿದ್ದೆ. ಆ ಬೆಳಿಗ್ಗೆ ನಿನ್ನ ಫೋನ್ ಬರುವ ಮುಂಚೆ ನಾನು ಅಮ್ಮನ ಬಾಯಿ ಒರೆಸುತ್ತಿದ್ದೆ. ಅವಳು ಕಣ್ಣು ಬಿಟ್ಟು, ನನ್ನ ಕೈ ಹಿಡಿದು, "ಪುಟ್ಟಿ ಬಂದ್ಯಾ?" ಎಂದಳು. ಒಂಬತ್ತು ವರ್ಷ ಅವಳನ್ನು ಎತ್ತಿ ಕೂರಿಸಿದ ಕೈ ಅದು. ಹೊಟ್ಟೆ ಉರಿದುಹೋಯಿತು. ನೀನು ಬಂದರೆ ಅವಳ ಕೊನೆಯ ದಿನವೂ ನಿನ್ನ ಪಾಲಾಗುತ್ತದೆ ಅನ್ನಿಸಿತು. ಸೀಟು ಬಿಟ್ಟುಬಿಡಿ ಎಂದು ಆಫೀಸಿಗೆ ಹೇಳಿದೆ. ನಿನಗೆ ಸುಳ್ಳು ಹೇಳಿದೆ.

ಬುಧವಾರವಿಡೀ ಅಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. "ವಿಮಾನ ಹತ್ತಿದಾಳಮ್ಮ, ಇನ್ನೇನು ಬಂದ್ಬಿಡ್ತಾಳೆ" ಎಂದೆ. ನಂಬಿದಳು. "ಪುಟ್ಟಿ ಕಣ್ಣಿಗೆ ಚೆನ್ನಾಗಿ ಕಾಣ್ಬೇಕು, ತಲೆ ಬಾಚು" ಎಂದಳು. ಬಾಚಿದೆ.