ಕಿಟಕಿಯ ಸರಳಿನ ಬಡಿತ

ಅಕ್ಕಾ,

ರಾತ್ರಿ ಎರಡೂಕಾಲಿಗೆ ಅಡುಗೆಮನೆಯ ಕಿಟಕಿಯ ಸರಳು ಟಣ್ ಟಣ್ ಎಂದಿತು. ಸ್ವಲ್ಪ ತಡೆದು ಇನ್ನೊಂದು ಟಣ್. ಬೆಲ್ ಒತ್ತಿದರೆ ಮಗು ಏಳುತ್ತದೆಂದು ನೀನು ಬೀಗದಕೈಯಿಂದ ಬಡಿಯುತ್ತಿದ್ದೆಯಲ್ಲ, ಥೇಟ್ ಹಾಗೆಯೇ. ಆ ಗುರುತು ನಮ್ಮಿಬ್ಬರನ್ನು ಬಿಟ್ಟರೆ ಮೂರನೆಯವರಿಗೆ ಗೊತ್ತಿಲ್ಲ.

ಓಡಿಹೋಗಿ ಹಿತ್ತಲ ಬಾಗಿಲ ಚಿಲಕಕ್ಕೆ ಕೈ ಹಾಕಿದೆ. ಇವರು ಹಿಂದಿನಿಂದ ತೋಳು ಹಿಡಿದುಕೊಂಡರು.

"ತಲೆ ಕೆಟ್ಟಿದೆಯೇನೇ? ಮೊದಲು ಮೂಲೆಮನೆ ಮೇಷ್ಟ್ರು ಹೀಗೇ ರಾತ್ರಿ ಬಾಗಿಲು ತೆಗೆದು ಕಾಣೆಯಾದ್ರು, ಆಮೇಲೆ ನರ್ಸಮ್ಮ, ಈಗ ನಿಮ್ಮಕ್ಕ. ಮಗು ಮುಖ ನೋಡು."

"ಅಕ್ಕಾನೇ ರೀ. ಅವಳ ಬಡಿತ ನಂಗೊತ್ತಿಲ್ವಾ?"

"ಅವಳಾಗಿದ್ರೆ ಕೂಗ್ತಿರ್ಲಿಲ್ವಾ? ಪಿಸುಗುಟ್ಟಿದ್ರೂ ಬೀದಿಗೆಲ್ಲ ಕೇಳೋ ಗಂಟಲು ಅದು!"

ಮಗುವಿನ ಮುಖ ನೋಡಿದೆ. ಚಿಲಕ ತೆಗೆಯಲಿಲ್ಲ. ಸರಳು ಮತ್ತೊಮ್ಮೆ ಸದ್ದು ಮಾಡಿತು, ಈ ಸಲ ಮೆಲ್ಲಗೆ. ಆಮೇಲೆ ಏನೂ ಇಲ್ಲ.

ಆ ಕಿಟಕಿಯ ಕೆಳಗೇ ಕೂತು ಬರೆಯುತ್ತಿದ್ದೇನೆ. ಯಾವ ವಿಳಾಸಕ್ಕೆ ಕಳಿಸಲಿ? ಬಂದವಳು ನೀನೇ ಆಗಿದ್ದರೆ... ಬೇಡ. ನೀನಲ್ಲದಿದ್ದರೆ, ನಮ್ಮ ಗುರುತಿಗಾಗಿ ಅವರು ನಿನ್ನ ಬಾಯಿ ಹೇಗೆ ಬಿಡಿಸಿದರೋ, ಅದನ್ನು ನೆನೆಯಲಾರೆ. ಎರಡೂ ಬೇಡ ಕಣೆ. ಬೆಳಗಾದರೆ ಇವರು ಈ ಕಿಟಕಿಗೆ ಹಲಗೆ ಹೊಡೆಸುತ್ತಾರೆ. ಅದಕ್ಕೆ ಮುಂಚೆ ಫೋನ್ ಮಾಡು. ಬೈಯುವುದಕ್ಕಾದರೂ ಮಾಡು ಅಕ್ಕಾ.